ಪೆಟ್ಟಿಗೆ ಹೋಯಿತು, ಇನ್ನು ನೆಪವೂ ಹೋಗಲಿ

ಗೆಳೆಯರೇ, ಕಳೆದ ಒಂದು ವರ್ಷದಲ್ಲಿ ನೀವು ಎಷ್ಟು ಕಂಪ್ಯೂಟರ್ ಆಟ ಕೊಂಡಿರಿ? ಎಲ್ಲಿ ಕೊಂಡಿರಿ? ಆ ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿತ್ತು?

ನಗಬೇಡಿ. ಕೇಳುವುದಕ್ಕೆ ಕಾರಣ ಇದೆ. ಬೆಂಗಳೂರಿನ ದೊಡ್ಡ ದೊಡ್ಡ ರಸ್ತೆಗಳ ಅಂಗಡಿಗಳಲ್ಲಿ ಕನ್ನಡದ ಬೋರ್ಡಿಲ್ಲ ಎಂದು ಕನ್ನಡಿಗರು ಬೀದಿಗಿಳಿದರು. 2024ರಲ್ಲಿ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು, ನಾಮಫಲಕದಲ್ಲಿ ಶೇ. 60 ಭಾಗ ಕನ್ನಡ ಇರಲೇಬೇಕು ಎಂದಿತು. ಸಂತೋಷ. ಆದರೆ ರಾತ್ರಿ ಊಟ ಮುಗಿಸಿ, ಬಾಗಿಲು ಹಾಕಿಕೊಂಡು, ನೀವು ಕಂಪ್ಯೂಟರಿನೊಳಗೆ ಹೊಕ್ಕುವ ಅಂಗಡಿಗೆ ಯಾವ ಕಾನೂನು? ಅಲ್ಲಿ ಬೋರ್ಡು ಕೇಳಿದವರು ಯಾರು?

ಆ ಅಂಗಡಿಯ ಹೆಸರು ನಿಮಗೆ ಗೊತ್ತು. ಅಮೆರಿಕದ ವಾಲ್ವ್ ಕಂಪನಿಯ ‘ಸ್ಟೀಮ್’. ಕಂಪ್ಯೂಟರ್ ಆಟಗಳ ಮಟ್ಟಿಗೆ ಲೋಕದಲ್ಲೇ ದೊಡ್ಡ ಮಳಿಗೆ. 2025ರ ಮಾರ್ಚಿನಲ್ಲಿ ಒಂದೇ ಹೊತ್ತಿಗೆ 4 ಕೋಟಿಗೂ ಹೆಚ್ಚು ಜನ ಅದರೊಳಗಿದ್ದರು. ಆ ಮಳಿಗೆ ಸುಮಾರು 30 ಭಾಷೆಗಳಲ್ಲಿ ಗಿರಾಕಿಯನ್ನು ಮಾತಾಡಿಸುತ್ತದೆ. ಫಿನ್ನಿಶ್ ಇದೆ, ಡ್ಯಾನಿಶ್ ಇದೆ, ಬಲ್ಗೇರಿಯನ್ ಇದೆ. ನಾನು ಇದನ್ನು ಬರೆಯುವ ಹೊತ್ತಿಗೆ ಕನ್ನಡ ಇಲ್ಲ.

ಚಳ್ಳಕೆರೆಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವ, ಪಿ.ಯು.ಸಿ. ಓದಿದ ಮನುಷ್ಯನಿಗೆ ಕಂಪ್ಯೂಟರ್ ಆಟದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ. ನನ್ನ ಕಸುಬು ಅಕ್ಷರ ಹಂಚುವುದು. ಮೊಳೆ ಜೋಡಿಸಿ ಅಚ್ಚು ಹಾಕುವುದನ್ನು ನೋಡಿ ಬೆಳೆದವನು, ಡಿ.ಟಿ.ಪಿ. ಕಲಿತವನು, ಆಫ್‌ಸೆಟ್ ಪ್ಲೇಟಿಗೆ ದುಡ್ಡು ಸುರಿದವನು. ಒಂದು ಭಾಷೆಯನ್ನು ಕಾಗದದ ಮೇಲೆ ಕೂರಿಸಲು ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕ ನನಗೆ ಗೊತ್ತು. ಆ ಲೆಕ್ಕವನ್ನು ನಿಮ್ಮ ಮುಂದೆ ಇಡುವುದಕ್ಕೇ ಈ ಲೇಖನ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಣ ಪಣಕ್ಕಿಟ್ಟು ಮೊಬೈಲಿನಲ್ಲಿ ಆಡುವ ಜೂಜನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ ಕಾನೂನು ಮಾಡಿ ನಿಷೇಧಿಸಿತು. ನಾನು ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ. ಕಥೆ ಇರುವ, ಚಿತ್ರ ಇರುವ, ಸಂಗೀತ ಇರುವ, ಬೆಲೆ ಕೊಟ್ಟು ಕೊಂಡು ಆಡುವ ಆಟದ ಬಗ್ಗೆ.

ಪೆಟ್ಟಿಗೆಯ ಕಾಲ

ತೊಂಬತ್ತರ ದಶಕದಲ್ಲಿ, ಆಮೇಲೂ ಕೆಲವು ವರ್ಷ, ಕಂಪ್ಯೂಟರ್ ಆಟ ಅಂದರೆ ಒಂದು ಪೆಟ್ಟಿಗೆ. ಒಳಗೆ ಸಿ.ಡಿ., ಜೊತೆಗೆ ಒಂದು ಪುಸ್ತಿಕೆ. ಚಳ್ಳಕೆರೆ, ಮೊಳಕಾಲ್ಮೂರಿನಂಥ ಊರುಗಳಿಗೆ ಆ ಪೆಟ್ಟಿಗೆ ಬರುತ್ತಿರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಕಂಪ್ಯೂಟರಿನ ಬಿಡಿಭಾಗ ತರಲು ಹೋದವರ ಚೀಲದಲ್ಲಿ ಕಳ್ಳ ಸಿ.ಡಿ. ಬರುತ್ತಿತ್ತು. ಒಂದು ತಂದರೆ ಊರಿಗೆಲ್ಲ ಹತ್ತು ಪ್ರತಿ!

ಆಗ ಯಾರಾದರೂ “ಇದರಲ್ಲಿ ಕನ್ನಡ ಯಾಕಿಲ್ಲ?” ಎಂದು ಕೇಳಿದ್ದರೆ ಕಂಪನಿಯವರ ಬಳಿ ಉತ್ತರ ಸಿದ್ಧವಿತ್ತು. ಕನ್ನಡದ ಪೆಟ್ಟಿಗೆ ಬೇರೆ ಮುದ್ರಿಸಬೇಕು. ಪುಸ್ತಿಕೆ ಬೇರೆ, ಪ್ಲೇಟು ಬೇರೆ, ಸಿ.ಡಿ. ಬೇರೆ. ಸಾವಿರ ಪ್ರತಿ ಮಾಡಿಸಿ ನೂರು ಖರ್ಚಾದರೆ ಉಳಿದ ಒಂಬೈನೂರನ್ನು ಗೋದಾಮಿನಲ್ಲಿ ಇಲಿ ತಿನ್ನುತ್ತದೆ. ಪ್ರೆಸ್ಸಿನವನಾಗಿ ಒಪ್ಪುತ್ತೇನೆ, ಇದು ಸುಳ್ಳಲ್ಲ. ಹೆಚ್ಚು ಪ್ರತಿ ಹಾಕಿಸಿ ಮನೆಯ ಅಟ್ಟ ತುಂಬಿಸಿಕೊಂಡ ಕವಿಗಳು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿದ್ದಾರೆ.

2003ರಲ್ಲಿ ಸ್ಟೀಮ್ ಬಂತು. 2004ರಲ್ಲಿ ‘ಹಾಫ್ ಲೈಫ್ 2’ ಎಂಬ ಆಟ ಬಂದಾಗ, ಪೆಟ್ಟಿಗೆ ಕೊಂಡವನೂ ಸ್ಟೀಮ್‌ನಲ್ಲಿ ಖಾತೆ ತೆರೆಯಲೇಬೇಕಾಯಿತು. ಆಡುವವರು ಬೈದರು, ಆದರೂ ತೆರೆದರು. 2015ರಲ್ಲಿ ಸ್ಟೀಮ್ ರೂಪಾಯಿಯಲ್ಲಿ ಬೆಲೆ ತೋರಿಸತೊಡಗಿತು. ಇವತ್ತು ಕಂಪ್ಯೂಟರ್ ಆಟಕ್ಕೆ ಪೆಟ್ಟಿಗೆ ಇಲ್ಲವೆಂದೇ ಹೇಳಬೇಕು. ಮೊಳಕಾಲ್ಮೂರಿನ ಹುಡುಗನೂ ನ್ಯೂಯಾರ್ಕಿನ ಹುಡುಗನೂ ಒಂದೇ ಗಂಟೆಗೆ ಒಂದೇ ಆಟ ಇಳಿಸಿಕೊಳ್ಳಬಹುದು. ನಮ್ಮ ಹುಡುಗನಿಗೆ ರಾತ್ರಿಯಿಡೀ ಕಾಯಬೇಕಾದೀತು, ಅಷ್ಟೇ.

ಈಗ ಲೆಕ್ಕ ನೋಡಿ. ಇವತ್ತಿನ ದೊಡ್ಡ ಆಟ 100 ಜಿ.ಬಿ. ದಾಟುತ್ತದೆ. ಹಳೆಯ ಡಿ.ವಿ.ಡಿ. ಲೆಕ್ಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ತಟ್ಟೆ. ಆ ಆಟದೊಳಗಿನ ಮಾತೆಲ್ಲ ಸೇರಿ ಒಂದು ಲಕ್ಷ ಪದ ಎಂದಿಟ್ಟುಕೊಳ್ಳಿ. ಅಂದರೆ ಮುನ್ನೂರು ನಾನೂರು ಪುಟದ ಕಾದಂಬರಿ. ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಚಿಹ್ನೆಗೆ ಮೂರು ಬೈಟ್ ಹಿಡಿದರೂ ಇಡೀ ಕಡತ ಹೆಚ್ಚೆಂದರೆ 3 ಎಂ.ಬಿ. ನಿಮ್ಮ ಅಕ್ಕನ ಮದುವೆಯ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ! ಅನುವಾದಕ್ಕೆ ಕೂಲಿ ಬೇಕು, ಕರಡು ತಿದ್ದಲು ಕೂಲಿ ಬೇಕು. ನಿಜ. ಆದರೆ ಪ್ಲೇಟಿಲ್ಲ, ಕಾಗದವಿಲ್ಲ, ಗೋದಾಮಿಲ್ಲ, ಇಲಿಯಿಲ್ಲ. ಪೆಟ್ಟಿಗೆಯ ಜೊತೆ ಆ ನೆಪವೂ ಹೋಯಿತು.

ಹಾಗಾದರೆ ಕನ್ನಡ ಇನ್ನೂ ಯಾಕಿಲ್ಲ? ಏಕೆಂದರೆ ನಾವು ಕೇಳಿಲ್ಲ. ದುಡ್ಡು ಕೊಡುವಾಗ ಕೇಳಿಲ್ಲ.

ಪೋಲೆಂಡಿನವರು ಮಾಡಿದ್ದು

ಪೋಲೆಂಡ್ ಎಂಬ ದೇಶವಿದೆ. ಜನಸಂಖ್ಯೆ ಸುಮಾರು 3.8 ಕೋಟಿ. ಕನ್ನಡವನ್ನು ತಾಯ್ನುಡಿ ಎಂದು 2011ರ ಜನಗಣತಿಯಲ್ಲಿ ಬರೆಸಿದವರು 4.37 ಕೋಟಿ. ಯಾರು ದೊಡ್ಡವರು, ನೀವೇ ಹೇಳಿ.

ತೊಂಬತ್ತರ ದಶಕದ ಪೋಲೆಂಡಿನಲ್ಲೂ ನಮ್ಮದೇ ಕಥೆ. ಬಯಲಿನ ಸಂತೆಯಲ್ಲಿ ಕಳ್ಳ ಸಿ.ಡಿ. ರಾಶಿ. 1994ರಲ್ಲಿ ಮಾರ್ಚಿನ್ ಇವಿನ್‌ಸ್ಕಿ, ಮಿಹಾವ್ ಕಿಚಿನ್‌ಸ್ಕಿ ಎಂಬ ಇಬ್ಬರು ಗೆಳೆಯರು ವಾರ್ಸಾ ನಗರದಲ್ಲಿ ‘ಸಿ.ಡಿ. ಪ್ರಾಜೆಕ್ಟ್’ ಎಂಬ ಸಣ್ಣ ಕಂಪನಿ ಮಾಡಿದರು. ಕಸುಬು ಏನು? ಹೊರಗಿನ ಆಟ ತಂದು ಮಾರುವುದು. ಕಳ್ಳ ಪ್ರತಿಯ ಮುಂದೆ ಅಸಲಿ ಪ್ರತಿ ಖರ್ಚಾಗುವುದು ಹೇಗೆ? ಬೆಲೆಯಲ್ಲಿ ಕಳ್ಳನನ್ನು ಗೆಲ್ಲುವುದು ಸಾಧ್ಯವಿಲ್ಲ. ಅವರು ಭಾಷೆಯಲ್ಲಿ ಗೆದ್ದರು.

1999ರಲ್ಲಿ ‘ಬಾಲ್ಡರ್ಸ್ ಗೇಟ್’ ಎಂಬ ಆಟವನ್ನು ಪೂರ್ತಿ ಪೋಲಿಶ್ ಭಾಷೆಗೆ ತಂದರು. ಆ ನಾಡಿನ ಹೆಸರಾಂತ ನಟರಿಂದ ಧ್ವನಿ ಕೊಡಿಸಿದರು. ಪೆಟ್ಟಿಗೆಯಲ್ಲಿ ನಕ್ಷೆ, ಪುಸ್ತಕ, ಹಾಡಿನ ಸಿ.ಡಿ. ಇಟ್ಟರು. ಮೊದಲ ದಿನವೇ 18 ಸಾವಿರ ಪ್ರತಿ ಹೋಯಿತು. ತನ್ನ ಭಾಷೆಯಲ್ಲಿ, ತನ್ನ ನಟನ ಧ್ವನಿಯಲ್ಲಿ ಆಟ ಸಿಕ್ಕಾಗ ಪೋಲೆಂಡಿನ ಹುಡುಗ ಕಳ್ಳ ಪ್ರತಿ ಬಿಟ್ಟು ಅಸಲಿಗೆ ದುಡ್ಡು ಕೊಟ್ಟ.

ಮುಂದೇನಾಯಿತು? ಮಾರುವವರು ಮಾಡುವವರಾದರು. 2007ರಲ್ಲಿ ಪೋಲಿಶ್ ಲೇಖಕ ಆಂದ್ರೇ ಸಾಪ್ಕೋವ್‌ಸ್ಕಿ ಕಥೆಗಳನ್ನು ಆಧರಿಸಿ ‘ದಿ ವಿಚರ್’ ಆಟ ತಂದರು. 2008ರಲ್ಲಿ ‘ಗಾಗ್’ ಎಂಬ ತಮ್ಮದೇ ಡಿಜಿಟಲ್ ಮಳಿಗೆ ತೆರೆದರು. 2015ರಲ್ಲಿ ಬಂದ ಮೂರನೆಯ ವಿಚರ್ 2023ರ ಹೊತ್ತಿಗೆ 5 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ನಿಮ್ಮಲ್ಲಿ ಎಷ್ಟು ಜನ ಆಡಿಲ್ಲ ಅದನ್ನು? ಮೊದಲ ಮೆಟ್ಟಿಲು ಯಾವುದು ಎಂದು ನೆನಪಿಡಿ. ಬೇರೆಯವರ ಆಟವನ್ನು ತಮ್ಮ ಭಾಷೆಗೆ ತಂದದ್ದು.

ಇಲ್ಲಿ ನಮ್ಮ ಮನೆಯ ಜಗಳ ನೆನಪಾಗುತ್ತದೆ. ಕನ್ನಡದಲ್ಲಿ ಡಬ್ಬಿಂಗ್ ಬೇಕೋ ಬೇಡವೋ ಎಂದು ಅರವತ್ತರ ದಶಕದಿಂದ ಹೊಡೆದಾಡಿದೆವು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಆದೇಶ ಕೊಟ್ಟಿತು. ಆ ಜಗಳದ ಸರಿತಪ್ಪು ಇಲ್ಲಿ ಬೇಡ. ಆದರೆ ಕೇಳಿ: ಕಂಪ್ಯೂಟರ್ ಆಟಕ್ಕೆ ಕನ್ನಡದ ಧ್ವನಿ ಕೊಡಬೇಡಿ ಎಂದು ಯಾವ ವಾಣಿಜ್ಯ ಮಂಡಳಿ ತಡೆಯಿತು? ಯಾವ ನಟ ಧರಣಿ ಕೂತ? ಯಾರೂ ಇಲ್ಲ. ಬಾಗಿಲು ಹಾರು ಹೊಡೆದಿತ್ತು. ಒಳಗೆ ಹೋಗಲು ನಮಗೇ ಸೋಮಾರಿತನ!

ಗಣತಿಯಲ್ಲಿ ಇಲ್ಲದವರು

ಸ್ಟೀಮ್ ಮಳಿಗೆ ಪ್ರತಿ ತಿಂಗಳೂ ತನ್ನ ಗಿರಾಕಿಗಳ ಒಂದು ಸಮೀಕ್ಷೆ ಪ್ರಕಟಿಸುತ್ತದೆ. ಯಾರ ಕಂಪ್ಯೂಟರಿನಲ್ಲಿ ಏನಿದೆ, ಯಾರು ಯಾವ ಭಾಷೆ ಇಟ್ಟುಕೊಂಡಿದ್ದಾರೆ ಎಂಬ ಲೆಕ್ಕ. ಆಟ ಮಾಡುವವರು ಯಾವ ಭಾಷೆಗೆ ಖರ್ಚು ಮಾಡಬೇಕು ಎಂದು ಯೋಚಿಸುವಾಗ ಇಂಥ ಲೆಕ್ಕವನ್ನು ನೋಡುತ್ತಾರೆ. ಸರಳೀಕೃತ ಚೀನೀ ಭಾಷೆ ಕೆಲವು ತಿಂಗಳು ಇಂಗ್ಲಿಷನ್ನೂ ಹಿಂದೆ ಹಾಕಿದೆ. ಅದಕ್ಕೇ ಎಲ್ಲರೂ ಚೀನಿಯರನ್ನು ಓಲೈಸುತ್ತಾರೆ. 2024ರ ಆಗಸ್ಟಿನಲ್ಲಿ ಚೀನಾದವರೇ ಮಾಡಿದ, ಚೀನಾದ ಹಳೆಯ ಕಥೆಯ ‘ಬ್ಲ್ಯಾಕ್ ಮಿಥ್: ವುಕಾಂಗ್’ ಮೂರೇ ದಿನದಲ್ಲಿ 1 ಕೋಟಿ ಪ್ರತಿ ಮಾರಾಟವಾಯಿತು.

ನಮ್ಮ ಕಥೆ? ಕನ್ನಡ ಆರಿಸುವ ಅವಕಾಶವೇ ಇಲ್ಲದ್ದರಿಂದ ಚಳ್ಳಕೆರೆಯ ಹುಡುಗನನ್ನೂ ಚಿಕಾಗೋದ ಹುಡುಗನನ್ನೂ ಆ ಸಮೀಕ್ಷೆ ಒಂದೇ ಕಾಲಮ್ಮಿನಲ್ಲಿ ಬರೆದುಕೊಳ್ಳುತ್ತದೆ: ಇಂಗ್ಲಿಷ್. ಆಮೇಲೆ ಅದೇ ಲೆಕ್ಕ ತೋರಿಸಿ, “ನೋಡಿ, ಕನ್ನಡ ಕೇಳುವವರು ಯಾರೂ ಇಲ್ಲ” ಅನ್ನುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕೊಡುತ್ತಾರೆಯೇ?

ಇದು ಹೊಸ ಕಥೆಯಲ್ಲ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿಸ್ತಪೂರ್ವ 3ನೇ ಶತಮಾನದವು. ಒಂದು ಒಕ್ಕಣೆ, ಸಾಮ್ರಾಜ್ಯದ ತುಂಬ ಹಂಚಿಕೆ. ಆ ಕಾಲದ ಡಿಸ್ಟ್ರಿಬ್ಯೂಷನ್ ಅನ್ನಿ! ನಮ್ಮ ಬಂಡೆಗಳ ಮೇಲೆ ಕೆತ್ತಿದ ಭಾಷೆ ಪ್ರಾಕೃತ. ಅದೇ ಅಶೋಕ ಈಗಿನ ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಕೆತ್ತಿಸಿದ. ಅಂದರೆ ಅವನಿಗೆ ಅನುವಾದ ಮಾಡಿಸಲು ಬರುತ್ತಿತ್ತು. ಬರೆದು ಓದುವ ರೂಢಿ ಇದ್ದ ಜನಕ್ಕೆ ಅವರ ಭಾಷೆಯಲ್ಲಿ ಹೇಳಿಸಿದ. ನಮ್ಮಲ್ಲಿ ಆಗ ಕನ್ನಡದ ಬರವಣಿಗೆ ಇದ್ದ ಗುರುತಿಲ್ಲ. ಹಲ್ಮಿಡಿ ಶಾಸನ ಬಂದದ್ದು ಕ್ರಿ.ಶ. 450ರ ಸುಮಾರಿಗೆ. ಅಶೋಕನಿಗೆ ಒಂದು ನೆಪ ಇತ್ತು, ಒಪ್ಪೋಣ. ಹದಿನೈದು ಶತಮಾನಕ್ಕೂ ಮಿಗಿಲಾಗಿ ಬರೆಯುತ್ತಿರುವ ಭಾಷೆಯನ್ನು 2020ರ ದಶಕದ ಅಂಗಡಿಯವನು ಕಾಣದೇ ಇದ್ದರೆ ಅವನಿಗೆ ಯಾವ ನೆಪ?

ಎರಡು ಆಕ್ಷೇಪಣೆಗಳು

ಮೊದಲನೆಯದು: “ಅಣ್ಣಾ, ಮಾರುಕಟ್ಟೆ ಚಿಕ್ಕದು. ನಮ್ಮವರು ದುಡ್ಡು ಕೊಟ್ಟು ಆಟ ಕೊಳ್ಳುವುದಿಲ್ಲ.” ಅರ್ಧ ನಿಜ. ಫಿನ್ಲೆಂಡಿನ ಜನ 56 ಲಕ್ಷ, ಆದರೆ ಅವರು ಕೊಳ್ಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಆಡುವುದು ಮೊಬೈಲಿನಲ್ಲಿ, ಅದೂ ಪುಕ್ಕಟೆ. ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದಾವಣಗೆರೆಯಲ್ಲಿ ಸಂಬಳ ಬರುವ ನೀವು ಕೊಳ್ಳುತ್ತಿದ್ದೀರಲ್ಲ! ಕೊಳ್ಳುವ ಶಕ್ತಿ ಇರುವವನು ಬಾಯಿ ಮುಚ್ಚಿಕೊಂಡು ಕೊಂಡರೆ, ಶಕ್ತಿ ಇಲ್ಲದವನ ಮಾತು ಯಾರು ಕೇಳುತ್ತಾರೆ?

ಎರಡನೆಯದು: “ಕನ್ನಡದಲ್ಲಿ ಆಡಿದರೆ ನಗು ಬರುತ್ತದೆ.” ಬರುತ್ತದೆ, ಯಾಕೆಂದರೆ ಅನುವಾದದ ಹೆಸರಿನಲ್ಲಿ ನಿಮಗೆ ಸಿಕ್ಕಿರುವುದು ಎ.ಟಿ.ಎಂ. ಯಂತ್ರದ ಕನ್ನಡ. ‘ಲೋಡ್’ ಎಂಬುದನ್ನು ‘ಭಾರ ಹೇರು’ ಎಂದು ಬರೆದರೆ ಸತ್ತವನೂ ಎದ್ದು ನಗುತ್ತಾನೆ. ‘ಬಿಟ್ಟಲ್ಲಿಂದ ಆಡು’ ಎಂದು ಬರೆಯಿರಿ, ನಗು ಬರುತ್ತದೆಯೇ? ಚಿನ್ನಿದಾಂಡು, ಲಗೋರಿ, ಚೌಕಾಬಾರ, ಅಳಿಗುಳಿಮಣೆ ಆಡುವಾಗ ನಮಗೆ ಭಾಷೆಯ ಬರ ಇತ್ತೇ? ಗೆದ್ದಾಗ ಕೂಗಲು, ಸೋತಾಗ ರೇಗಿಸಲು, ಮೋಸ ಮಾಡಿದವನನ್ನು ಹಿಡಿಯಲು ಕನ್ನಡವೇ ಸಾಕಾಗಿತ್ತು. ನಮ್ಮ ಕಡೆಯ ಸಂತೆಯ ಮಾತು, ಧಾರವಾಡದ ಮಾತು, ಕುಂದಾಪುರದ ಮಾತು ಬಲ್ಲ ಒಬ್ಬ ಒಳ್ಳೆ ಬರಹಗಾರನನ್ನು ಕೂರಿಸಿದರೆ ಆಟದ ಕಳ್ಳನೂ ಕನ್ನಡದಲ್ಲಿ ಮಾತಾಡುತ್ತಾನೆ, ರಾಜನೂ ಮಾತಾಡುತ್ತಾನೆ.

ತಾಂತ್ರಿಕ ತೊಡಕು ಇದೆ ಎನ್ನುವವರಿಗೆ ನನ್ನ ಕಸುಬಿನ ಉತ್ತರ. ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುವ ಕಷ್ಟ ಡಿ.ಟಿ.ಪಿ. ಮಾಡುವ ನಮಗಿಂತ ಹೆಚ್ಚು ಕಂಡವರಿಲ್ಲ. ಆದರೆ ಕನ್ನಡ 1991ರಿಂದಲೇ ಯೂನಿಕೋಡ್‌ನಲ್ಲಿದೆ. 2023ರ ಮಾರ್ಚಿನಲ್ಲಿ ಬಂದ ‘ಗೋಡೋ 4’ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಇದೆ. ‘ನೋಟೋ’, ‘ಬಲೂ ತಮ್ಮ’ದಂಥ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ. ಈ ನೆಪವೂ ಹಳತಾಯಿತು.

ಮಾಡುವ ಕೈ ನಮ್ಮದೇ

ಇನ್ನೂ ನಾಚಿಕೆಯ ಸಂಗತಿ ಕೇಳಿ. ಆಟ ಮಾಡುವ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. ಭಾರತದ ಮೊದಲ ಆಟ ತಯಾರಕರಲ್ಲಿ ಒಂದಾದ ‘ಧ್ರುವ ಇಂಟರಾಕ್ಟಿವ್’ ಬೆಂಗಳೂರಿನಲ್ಲಿ 1997ರಲ್ಲೇ ಹುಟ್ಟಿತು. 2019ರಲ್ಲಿ ಅದನ್ನು ಕೊಂಡದ್ದು ‘ಗ್ರ್ಯಾಂಡ್ ಥೆಫ್ಟ್ ಆಟೋ’ ಮಾಡುವ ರಾಕ್‌ಸ್ಟಾರ್ ಕಂಪನಿ. ಅನಿಮೇಷನ್ ಮತ್ತು ಗೇಮಿಂಗ್‌ಗೆ 2012ರಲ್ಲೇ ಪ್ರತ್ಯೇಕ ನೀತಿ ತಂದದ್ದು ನಮ್ಮ ರಾಜ್ಯ. ಈಗ 2024ರಿಂದ 2029ರವರೆಗಿನ ಹೊಸ ನೀತಿಯೂ ಇದೆ. ನೆಲ ನಮ್ಮದು, ನೀರು ನಮ್ಮದು, ಕರೆಂಟು ನಮ್ಮದು, ಕೈಯೂ ನಮ್ಮದು. ಮಾತು ಮಾತ್ರ ನಮ್ಮದಲ್ಲ!

ಕೆನಡಾದಲ್ಲಿ ನೆಲೆಸಿದ ತಮಿಳು ಕುಟುಂಬವೊಂದರ ಅಡುಗೆಮನೆಯ ಕಥೆಯನ್ನು ‘ವೆಣ್ಬಾ’ ಎಂಬ ಸಣ್ಣ ಆಟ ಮಾಡಿದರು, 2023ರಲ್ಲಿ. ಇಡ್ಲಿ ಬೇಯಿಸುವುದು, ಹರಿದ ಅಡುಗೆ ಪುಸ್ತಕ ಓದುವುದು, ಅಷ್ಟೇ ಆಟ. 2024ರಲ್ಲಿ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಪುಣೆಯವರು 2020ರಲ್ಲಿ ‘ರಾಜಿ’ ಎಂಬ ಆಟ ತಂದು, ಆಮೇಲೆ ಹಿಂದಿಯ ಧ್ವನಿ ಸೇರಿಸಿದರು. ನಾಳೆ ಯಾರೋ ಕಂಪನಿಯವನು “ಭಾರತೀಯ ಭಾಷೆ ಕೊಟ್ಟಿದ್ದೇವಲ್ಲ” ಎಂದು ಹಿಂದಿಯೊಂದನ್ನೇ ಮುಂದೆ ಹಿಡಿಯುವ ಮೊದಲು ನಾವು ಕ್ಯೂನಲ್ಲಿ ನಿಂತಿರಬೇಕು.

ಡಿಜಿಟಲ್ ಮಳಿಗೆಯ ಒಂದು ಉಪಕಾರ ಮರೆಯಬಾರದು. ಪೆಟ್ಟಿಗೆಯ ಕಾಲದಲ್ಲಿ ಮೊಳಕಾಲ್ಮೂರಿನ ಹುಡುಗಿ ಮಾಡಿದ ಆಟವನ್ನು ಯಾವ ವಿತರಕನೂ ಮುಟ್ಟುತ್ತಿರಲಿಲ್ಲ. ಇವತ್ತು 100 ಡಾಲರ್ ಕಟ್ಟಿದರೆ ಸ್ಟೀಮ್‌ನಲ್ಲಿ ಅವಳ ಆಟವೂ ದೊಡ್ಡವರ ಪಕ್ಕದಲ್ಲಿ ಕೂರುತ್ತದೆ. ಜನ ಕಾಣುವುದು ಕಷ್ಟ, ಏಕೆಂದರೆ 2024ರಲ್ಲಿ ಒಂದೇ ವರ್ಷ 18 ಸಾವಿರಕ್ಕೂ ಹೆಚ್ಚು ಆಟ ಅಲ್ಲಿಗೆ ಬಂದವು. ಮಾರಾಟವಾದ ಪ್ರತಿ ನೂರು ರೂಪಾಯಿಗೆ ಮಳಿಗೆಯವನು 30 ಹಿಡಿದುಕೊಳ್ಳುತ್ತಾನೆ. 2018ರಿಂದ ಕೋಟಿಗಟ್ಟಲೆ ಡಾಲರ್ ವ್ಯಾಪಾರ ಮಾಡುವವರಿಗೆ ಮಾತ್ರ 25, 20 ಎಂದು ಇಳಿಸಿದ್ದಾನೆ. ಉಳ್ಳವರಿಗೆ ರಿಯಾಯಿತಿ, ಇಲ್ಲದವರಿಗೆ ಪೂರ್ತಿ ಕಡಿತ! ಮೊಳಕಾಲ್ಮೂರಿನ ರೇಷ್ಮೆ ನೇಕಾರನಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಎಪಿಕ್ ಎಂಬ ಇನ್ನೊಂದು ಮಳಿಗೆ 2018ರ ಡಿಸೆಂಬರಿನಲ್ಲಿ ಶೇ. 12ರ ದರದಲ್ಲಿ ಬಾಗಿಲು ತೆರೆಯಿತು. ಆಟ ಮಾಡುವವರು ಈ ವ್ಯತ್ಯಾಸ ತಿಳಿದಿರಲಿ.

ಕೊಳ್ಳುವ ಗಳಿಗೆ

ಕೊನೆಗೆ ಒಂದು ಎಚ್ಚರಿಕೆ. ನಮ್ಮ ಪ್ರೆಸ್ಸಿನಲ್ಲಿ ಅಚ್ಚಾದ ಪುಸ್ತಕ ಕೊಂಡರೆ ಅದು ನಿಮ್ಮದು. ಮೊಮ್ಮಗನಿಗೂ ಕೊಡಬಹುದು. ಡಿಜಿಟಲ್ ಆಟ ಹಾಗಲ್ಲ. ನೀವು ಕೊಳ್ಳುವುದು ಆಡುವ ಪರವಾನಗಿ ಮಾತ್ರ. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರ್ಯೂ’ 2014ರಲ್ಲಿ ಬಂದ ಆಟ. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟವರ ಕೈಯಲ್ಲೂ ಆಟ ಉಳಿಯಲಿಲ್ಲ. ಈಗ ಕ್ಯಾಲಿಫೋರ್ನಿಯಾದ ಕಾನೂನು “ಇದು ಪರವಾನಗಿ” ಎಂದು ಮೊದಲೇ ಹೇಳಬೇಕೆಂದು ಮಳಿಗೆಗಳಿಗೆ ತಾಕೀತು ಮಾಡಿದೆ. ಅಂದಮೇಲೆ ನಿಮ್ಮ ಕೈಯಲ್ಲಿ ಅಧಿಕಾರ ಇರುವುದು ದುಡ್ಡು ಕೊಡುವ ಆ ಒಂದು ಗಳಿಗೆಯಲ್ಲಿ. ಆ ಗಳಿಗೆಯಲ್ಲೇ ಕನ್ನಡ ಕೇಳಿ.

ಹೇಗೆ ಕೇಳುವುದು? ಕೊಂಡ ಆಟದ ಬಗ್ಗೆ ಅಭಿಪ್ರಾಯ ಬರೆಯುವಾಗ ಕನ್ನಡ ಲಿಪಿಯಲ್ಲಿ ಬರೆಯಿರಿ. ಕೆಳಗೆ ಒಂದು ಸಾಲು ಇಂಗ್ಲಿಷಿನಲ್ಲಿ, “ನನ್ನ ಭಾಷೆ ಕನ್ನಡ, ಇದರಲ್ಲಿ ಕೊಡಿ” ಎಂದು ಸೇರಿಸಿ. ಸಣ್ಣ ಆಟ ಮಾಡುವವರಿಗೆ ಪತ್ರ ಬರೆಯಿರಿ. ಅಂಥ ಆಟದ ಮಾತೆಲ್ಲ ಸೇರಿದರೆ ನಮ್ಮೂರ ಜಾತ್ರೆಯ ಸ್ಮರಣ ಸಂಚಿಕೆಯಷ್ಟೂ ಆಗುವುದಿಲ್ಲ. ನಾಲ್ಕು ಗೆಳೆಯರು ಎರಡು ಭಾನುವಾರ ಕೂತರೆ ಮುಗಿಯುತ್ತದೆ. ‘ಮೈನ್‌ಕ್ರಾಫ್ಟ್’ ಜಾವಾ ಆವೃತ್ತಿಯ ಭಾಷಾ ಪಟ್ಟಿ ತೆರೆದು ನೋಡಿ. ಕನ್ನಡ ಇದೆ! ಅದು ಆಡುವವರೇ ಸಾಲು ಸಾಲಾಗಿ ಅನುವಾದಿಸಿ ಸೇರಿಸಿದ್ದು. ಮೊದಲು ಅದನ್ನು ಆರಿಸಿಕೊಳ್ಳಿ, ನಿಮ್ಮ ತಮ್ಮ ತಂಗಿಯರಿಗೆ ಹಾಕಿಕೊಡಿ, ತಪ್ಪಿದ್ದರೆ ತಿದ್ದಿ. ಗೇಮಿಂಗ್ ನೀತಿಯ ಸವಲತ್ತು ಪಡೆಯುವ ಕಂಪನಿ ಆಟ ಮಾಡಿದರೆ ಅದರಲ್ಲಿ ಕನ್ನಡ ಇರಲಿ ಎಂಬ ಒಂದು ಷರತ್ತನ್ನು ಸರ್ಕಾರದಿಂದ ಬರೆಸಿ. ಕನ್ನಡದಲ್ಲಿ ಬಂದ ಆಟವನ್ನು ಕದಿಯಬೇಡಿ, ಕೊಳ್ಳಿ.

ಇಷ್ಟೆಲ್ಲ ಯಾಕೆ? ನಮ್ಮ ಸೀಮೆಯ ಮಗುವಿಗೆ ಇವತ್ತು ಕನ್ನಡ ಎಂದರೆ ಪಠ್ಯಪುಸ್ತಕ, ಪಹಣಿ, ರೇಷನ್ ಕಾರ್ಡು. ಸಾಹಸ, ಗೆಲುವು, ಕನಸು ಎಲ್ಲ ಇಂಗ್ಲಿಷಿನಲ್ಲಿ. ಆಟವನ್ನು ಬಿಟ್ಟುಕೊಟ್ಟ ಭಾಷೆ ಕಚೇರಿಯಲ್ಲಿ ಎಷ್ಟು ದಿನ ಉಳಿದೀತು?

ನಮ್ಮ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದವರು. “ಮಾಡಿದಷ್ಟು ನೀಡು ಭಿಕ್ಷೆ” ಎಂದವರು. ಕನ್ನಡಕ್ಕೂ ಅದೇ ಲೆಕ್ಕ. ಮಾಡಿದಷ್ಟು ಸಿಗುತ್ತದೆ. ಗುದ್ದಲಿ ಹಿಡಿಯಿರಿ.